ಕಟ್ ಅನ್ನೋವರೆಗೂ ಅಲ್ಲಾಡಬೇಡಿ

ನಮ್ಮ ಕೆಲಸದಲ್ಲಿ ಇಂಥ ತಮಾಷೆಗಳು ಆಗ್ತಾನೇ ಇರುತ್ತವೆ. ಎಲ್ಲಾನೂ ನಿಲ್ಲಿಸೋದು ನಮ್ಮ ಕಸುಬು. ಇವು ಮಾತ್ರ ನಿಲ್ಲೋದಿಲ್ಲ.

ಕಸುಬು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಸಿನಿಮಾದಲ್ಲಿ, ಜಾಹೀರಾತಲ್ಲಿ ನೀವು ನೋಡಿರುತ್ತೀರಿ. ಇದ್ದಕ್ಕಿದ್ದಂಗೆ ಎಲ್ಲಾ ನಿಂತುಬಿಡುತ್ತದೆ. ಲೋಟದಿಂದ ಚೆಲ್ಲಿದ ಟೀ ಗಾಳಿಯಲ್ಲೇ ಇರುತ್ತದೆ. ಕಾಲಿಂದ ಹಾರಿದ ಚಪ್ಪಲಿ ಕೆಳಗೆ ಬೀಳೋದಿಲ್ಲ. ಜನ ಬಾಯಿ ತೆಗೆದವರು ತೆಗೆದಂಗೇ ಇರುತ್ತಾರೆ. ಕ್ಯಾಮೆರಾ ಒಂದೇ ಅವರ ನಡುವೆ ಓಡಾಡುತ್ತದೆ. ಇದಕ್ಕೆ ನಾವು ಫ್ರೀಜ್ ಅಂತೀವಿ.

ಎಲ್ಲಾ ಕಂಪ್ಯೂಟರಲ್ಲಿ ಮಾಡ್ತಾರೆ ಅಂತ ಜನ ಅಂದುಕೊಂಡಿದ್ದಾರೆ. ಅರ್ಧ ಕಂಪ್ಯೂಟರು. ಇನ್ನರ್ಧ ನಾನು. ಲೋಟ, ಚಪ್ಪಲಿ ಎಲ್ಲಾ ಮೀನು ಹಿಡಿಯೋ ನೈಲಾನ್ ದಾರದಲ್ಲಿ ಕಟ್ಟಿ ನೇತುಹಾಕೋದು ನಾನು. ಟೀ ಅಂದರೆ ಟೀ ಅಲ್ಲ, ಬಣ್ಣ ಹಾಕಿ ಒಣಗಿಸಿದ ಅಂಟು. ಜನ ಮಾತ್ರ ನಿಜವಾದ ಜನ. ಉಸಿರು ಬಿಗಿಹಿಡಿದು ನಿಲ್ಲಬೇಕು. ಆಮೇಲೆ ಎಡಿಟಿಂಗ್ ಹುಡುಗಿ ಕೂತು ನನ್ನ ದಾರ ಒಂದೊಂದೇ ಅಳಿಸುತ್ತಾಳೆ. ನಾನು ಓದಿದ್ದು ಐದನೇ ಕ್ಲಾಸು. ಗಂಟು ಹಾಕೋದು ಚೆನ್ನಾಗಿ ಬರುತ್ತದೆ.

ನನ್ನ ಹೆಂಡತಿಯೂ ಇದೇ ಕೆಲಸದಲ್ಲಿದ್ದಳು. ಬಟ್ಟೆ ಅವಳದು. ಗಾಳಿಗೆ ಹಾರಿದ ಸೆರಗು ಹಾರಿದಂಗೇ ನಿಲ್ಲಬೇಕಲ್ಲ. ಅಂಚಿನೊಳಗೆ ಸಣ್ಣ ತಂತಿ ಇಟ್ಟು ಹೊಲಿಯುತ್ತಿದ್ದಳು. ಗಟ್ಟಿ ಗಂಜಿ ಹಾಕಿ, ಬೇಕಾದಂಗೆ ಬಗ್ಗಿಸಿ ಒಣಗಿಸುತ್ತಿದ್ದಳು. ಬರೋ ಭಾನುವಾರಕ್ಕೆ ಅವಳು ಹೋಗಿ ಒಂದು ವರ್ಷ. ಕೊನೆಯಲ್ಲಿ ಗಂಜಿ ಹಾಕಿದ ಸೀರೆ ಈಗ ನಡುಮನೆಯಲ್ಲಿದೆ. ಕಿಟಕಿ ಮುಚ್ಚಿದ್ದರೂ ಅದರ ಸೆರಗು ಹಾರುತ್ತಲೇ ಇರುತ್ತದೆ. ಮಧ್ಯಾಹ್ನ ಅದರ ನೆರಳು ಗೋಡೆ ಮೇಲೆ ಬೀಳುತ್ತದೆ. ಯಾರೋ ಈಗ ತಾನೇ ಪಕ್ಕದ ಕೋಣೆಗೆ ಹೋದಂಗೆ.

ಅವಳ ಫೋಟೋ ನಾಲ್ಕಿವೆ. ನಾಲ್ಕರಲ್ಲೂ ಕೈ ಕೆಳಗೆ ಬಿಟ್ಟು ಅಟೆನ್ಷನ್. ಫೋನ್ ಎತ್ತಿದರೆ ಸಾಕು, ಕಲ್ಲಾಗುತ್ತಿದ್ದಳು. ನಮಗೆ ಮಕ್ಕಳಿಲ್ಲ, ವಿಡಿಯೋ ತೆಗೆಯೋರು ಯಾರೂ ಇರಲಿಲ್ಲ. ಅವಳು ಹೇಗೆ ನಡೆಯುತ್ತಿದ್ದಳು ಅನ್ನೋದು ನನಗೆ ಮರೀತಾ ಬಂದಿದೆ. ಒಂದೇ ಒಂದು ಶೂಟಿಂಗಲ್ಲಿ ಅವಳು ಕ್ಯಾಮೆರಾ ಮುಂದೆ ಇದ್ದಳು. ಅದು ಸ್ಟುಡಿಯೋದ ಹಳೇ ಹಾರ್ಡ್ ಡಿಸ್ಕ್ ಡಬ್ಬಿಗಳಲ್ಲಿ ಎಲ್ಲೋ ಇದೆ. ಸ್ಟುಡಿಯೋ ಈಗ ಇಂದಿರಾನಗರದ ಬಂಗಲೆ ಬಿಟ್ಟು ಕೆ.ಆರ್. ಪುರದ ಕಡೆ ಹೋಗ್ತಾ ಇದೆ.

"ಶನಿವಾರ ಹಳೇದೆಲ್ಲಾ ಅಳಿಸಿಬಿಡ್ತಾರೆ ಅಂಕಲ್," ಅಂದಳು ಎಡಿಟಿಂಗ್ ಹುಡುಗಿ. "ಅಷ್ಟರಲ್ಲಿ ಸಿಕ್ಕರೆ ಸಿಕ್ಕಿತು."

"ಹುಡುಕಮ್ಮ," ಅಂದೆ. "ಕಟ್ ಅಂದ ಮೇಲಾದರೂ ಎರಡು ಹೆಜ್ಜೆ ಹಾಕಿರ್ತಾಳೆ. ಅವಳು ಓಡಾಡೋದು ಒಂದ್ಸಲ ನೋಡಬೇಕು."

ಶುಕ್ರವಾರ ಅವಳು ಡಬ್ಬಿ ಮೇಲೆ ಡಬ್ಬಿ ಹಾಕಿ ಹುಡುಕುತ್ತಿದ್ದಳು. ನಾನು ಪಕ್ಕದ ಸ್ಟೂಲ್ ಮೇಲೆ ಕೂತೆ. ಬೇರೆ ಕೆಲಸ ಇರಲಿಲ್ಲ. ಇವೆಲ್ಲಾ ನೆನಪಾದವು.

೧. ಸಂದಿಯಲ್ಲಿ ನಿಂತ ಯಜಮಾನರು

ಹುಡುಕುತ್ತಿದ್ದದ್ದು ಇದೇ ಶೂಟಿಂಗು. ಶಿವಾಜಿನಗರದ ಮಾರ್ಕೆಟ್ ಹಿಂದೆ ಒಂದು ಸಂದಿ. ಬೆಳಗ್ಗೆ ಏಳು ಗಂಟೆ. ನಲವತ್ತು ಜನ ನಿಲ್ಲಬೇಕು. ಒಬ್ಬ ಹೆಂಗಸು ಬರಲಿಲ್ಲ. ಸೆರಗು ಸರಿಮಾಡೋಕೆ ಬಂದಿದ್ದ ನನ್ನ ಹೆಂಡತೀನ ಡೈರೆಕ್ಟ್ರು ಹಿಡಿದು ಹೂವಿನ ಬುಟ್ಟಿ ಮುಂದೆ ನಿಲ್ಲಿಸಿದರು. ಬುಟ್ಟಿ ಹಿಂದೆ ಇದ್ದ ಹೂವಮ್ಮ ನಿಜವಾದ ಹೂವಮ್ಮ. ಅದೇ ಸಂದೀಲಿ ದಿನಾ ಹೂ ಮಾರೋಳು.

"ಕಟ್ ಅನ್ನೋವರೆಗೂ ಅಲ್ಲಾಡಬೇಡಿ," ಅಂದರು ಡೈರೆಕ್ಟ್ರು. "ನೊಣ ಕೂತರೂ ಅಲ್ಲಾಡಬೇಡಿ. ಮನೆಗೆ ಬೆಂಕಿ ಬಿದ್ದರೂ ಅಲ್ಲಾಡಬೇಡಿ."

ನಿಂತರು. ಅದನ್ನ ನೋಡಬೇಕು ನೀವು. ನಾನು ಮಹಡಿ ಕಿಟಕೀಲಿ ದಾರ ಹಿಡಿದು ಕೂತಿದ್ದೆ. ಕೆಳಗೆ ನಲವತ್ತು ತಲೆ. ಒಂದೂ ಅಲ್ಲಾಡೋದಿಲ್ಲ. ಶಬ್ದ ಮಾತ್ರ ಎಲ್ಲಿಂದಲೋ ಬರುತ್ತಿತ್ತು. ಬಸ್ಸಿನ ಹಾರ್ನು. ಯಾರದೋ ಮನೆ ಕುಕ್ಕರು. ಕೋಳಿ ಅಂಗಡಿ ಗೂಡಲ್ಲಿ ಕೋಳಿಗಳು ಕೊಕ್ ಕೊಕ್ ಅನ್ನುತ್ತಿದ್ದವು. ಸ್ವಲ್ಪ ಹೊತ್ತಿಗೆ ಅವೂ ಸುಮ್ಮನಾದವು. ಅವಕ್ಕೆ ಯಾರು ಹೇಳಿದರೋ ಗೊತ್ತಿಲ್ಲ.

"ಯಾರೋ ಅಲ್ಲಾಡ್ತಿದ್ದೀರಿ!" ಅಂತ ಡೈರೆಕ್ಟ್ರು ಕಿರುಚಿದರು. ಮೂಲೆಯಲ್ಲಿ ಏನೋ ಮಿಸುಕಿದಂಗೆ ಕಂಡಿತಂತೆ. ಇನ್ನೊಂದ್ಸಲ. ಮತ್ತೆ "ಯಾರ್ರೀ ಅದು?" ಹಿಂಗೇ ಆರು ಸಲ. ಯಾರೂ ಒಪ್ಪಿಕೊಳ್ಳಲಿಲ್ಲ.

ಏಳನೇ ಸಲಕ್ಕೆ ಅವರಿಗೇ ಸಾಕಾಯಿತು. ಕಟ್ ಅಂದರು. ಎಲ್ಲರೂ ಕೈಕಾಲು ಒದರಿಕೊಂಡರು. ಒಬ್ಬರು ಮಾತ್ರ ನಿಂತೇ ಇದ್ದರು. ವಯಸ್ಸಾದವರು. ಬಿಳೀ ಗಡ್ಡ, ಕೈಲಿ ಬ್ರೆಡ್ಡಿನ ಚೀಲ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ. ನಮ್ಮೋರು ಯಾರೂ ಅಲ್ಲ. ನಾನು ಕೆಳಗಿಳಿದು ಬಂದೆ. ಕಣ್ಣು ಬಿಟ್ಟಿದ್ದರು. ರೆಪ್ಪೆ ಬಡಿಯುತ್ತಿರಲಿಲ್ಲ. ಮೆಲ್ಲಗೆ ಭುಜ ಮುಟ್ಟಿದೆ.

"ಮುಗೀತಾ?" ಅಂತ ಪಿಸುಗುಟ್ಟಿದರು.

"ಮುಗೀತು. ನೀವ್ಯಾಕೆ ನಿಂತ್ರಿ ಚಾಚಾ?"

"ಎಲ್ಲಾರೂ ನಿಂತಿದ್ರಲ್ಲ ಭಾಯ್. ಏನೋ ಹೊಸಾ ರೂಲ್ಸ್ ಬಂದಿರಬೇಕು ಅಂದ್ಕೊಂಡೆ. ಯಾಕೆ ಬೇಕು ತಕರಾರು ಅಂತ ನಾನೂ ನಿಂತೆ."

೨. ತಲೆ ಇಲ್ಲದ ಅಂಗಿ

ಆವತ್ತು ಸಾಯಂಕಾಲ ಹೆಂಡತಿ ಮನೆಗೆ ಬಂದಾಗ ತಲೆ ತುಂಬಾ ಮಲ್ಲಿಗೆ. ದೇವರ ಪಟಕ್ಕೂ ಹಾಕಿ, ಓನರಮ್ಮನಿಗೂ ಕೊಟ್ಟು, ಇನ್ನೂ ಮಿಕ್ಕಿತ್ತು.

"ಇಷ್ಟೊಂದು ಯಾರು ಕೊಟ್ರೇ?" ಅಂದೆ.

"ಹೂವಮ್ಮ ಇವತ್ತು ಚೌಕಾಸಿಗೆ ಬಾಯೇ ಬಿಡಲಿಲ್ಲ ಕಣ್ರೀ," ಅಂದಳು.

ಓನರಮ್ಮ ಅಂದೆನಲ್ಲ. ನಾವಿರೋದು ಹಲಸೂರಲ್ಲಿ, ಅವರ ಮನೆ ಮೇಲಿನ ಎರಡು ರೂಮು, ಅದರ ಮೇಲೆ ತಾರಸಿ. ಒಂದ್ಸಲ ಓಡುತ್ತಿರೋ ಮನುಷ್ಯನ ಬಟ್ಟೆ ಬೇಕು ಅಂದರು ಸ್ಟುಡಿಯೋದವರು. ಮನುಷ್ಯ ಬೇಡವಂತೆ, ಬಟ್ಟೆ ಮಾತ್ರ ಓಡಬೇಕಂತೆ. ಇವಳು ಅಂಗಿಗೂ ಪ್ಯಾಂಟಿಗೂ ತಂತಿ ಹೊಲಿದು, ಗಂಜಿ ಹಾಕಿ, ರಾತ್ರಿಯೇ ತಾರಸಿಯಲ್ಲಿ ಒಣಗೋಕೆ ನಿಲ್ಲಿಸಿದ್ದಳು. ಕೈ ಮುಂದೆ. ಕಾಲು ಹಿಂದೆ. ತಲೆ ಇಲ್ಲ.

ಬೆಳಗ್ಗೆ ಓನರಮ್ಮ ತುಳಸಿಗೆ ನೀರು ಹಾಕೋಕೆ ಮೇಲೆ ಹೋದರು. ಮಂಜು ಇತ್ತು. ಚೊಂಬು ಬಿದ್ದ ಶಬ್ದ ಕೇಳಿ ಇವಳು ಓಡಿದಳು. ಓನರಮ್ಮ ಗೋಡೆಗೆ ಆತು ನಿಂತಿದ್ದರು. ಬೆರಳು ತೋರಿಸುತ್ತಿದ್ದರು. ಅಂಗಿ ಅವರ ಕಡೆಗೇ ಓಡಿ ಬರುತ್ತಿತ್ತು. ಬರುತ್ತಲೇ ಇತ್ತು. ತಲುಪುತ್ತಿರಲಿಲ್ಲ.

"ಯಾ... ಯಾರಮ್ಮ ಅದು?"

"ಗಾಬರಿ ಆಗ್ಬೇಡಿ ಅಕ್ಕ. ನಮ್ಮ ಯಜಮಾನರ ಹಳೇ ಅಂಗಿ."

"ತಲೆ ಎಲ್ಲಮ್ಮ?"

"ತಲೆ ಇರೋರು ಕೆಳಗೆ ಕಾಫಿ ಕುಡೀತಿದ್ದಾರೆ. ಇದ್ರೂ ದೊಡ್ಡ ವ್ಯತ್ಯಾಸ ಏನಿಲ್ಲ, ಬನ್ನಿ."

೩. ಕಣ್ಣು ಬಿಟ್ಟ ಅಜ್ಜಿ

ಫ್ರೀಜಲ್ಲಿ ಇನ್ನೊಂದು ತರಹ ಇದೆ. ಸುತ್ತಲೂ ಬಳೆ ತರಹ ನಲವತ್ತೆಂಟು ಕ್ಯಾಮೆರಾ ಇಡುತ್ತಾರೆ. ಎಲ್ಲಾ ಒಟ್ಟಿಗೆ ಕ್ಲಿಕ್ ಅನ್ನಬೇಕು. ಆ ಫೋಟೋಗಳನ್ನ ಸಾಲಾಗಿ ಜೋಡಿಸಿದರೆ, ನಿಂತುಹೋದ ಮನುಷ್ಯನ ಸುತ್ತ ನಾವು ನಡೆದು ಬಂದಂಗೆ ಕಾಣುತ್ತದೆ.

ರಿಚರ್ಡ್ಸ್ ಟೌನಲ್ಲಿ ಒಂದು ಹಳೇ ಮನೆ. ಅಜ್ಜಿಯ ಹುಟ್ಟುಹಬ್ಬ. ಅಜ್ಜಿ ನಡುವೆ ಕುರ್ಚಿಯಲ್ಲಿ, ಸುತ್ತ ಮಗ, ಸೊಸೆ, ಮೊಮ್ಮಕ್ಕಳು ಹೂವಿನ ಪಕಳೆ ಎರಚಬೇಕು. ಎರಚಿದರು. ಕ್ಲಿಕ್ ಆಯಿತು. ಸಾಯಂಕಾಲ ದೊಡ್ಡ ಟಿವಿಯಲ್ಲಿ ಹಾಕಿ ತೋರಿಸಿದರು.

ಪಕಳೆಗಳೆಲ್ಲಾ ಗಾಳಿಯಲ್ಲಿ ನಿಂತಿವೆ. ಮಗ ಬಾಯಿ ತೆಗೆದು ನಿಂತಿದ್ದಾನೆ. ಅಜ್ಜಿ ಕಣ್ಣು ಮುಚ್ಚಿದ್ದಾರೆ. ನಾವು ನಿಧಾನಕ್ಕೆ ಸುತ್ತುತ್ತೀವಿ. ಎಡಗಡೆ ಸ್ವಲ್ಪ ದಾಟಿದ ಕೂಡಲೇ ಅಜ್ಜಿ ಕಣ್ಣು ಬಿಟ್ಟು ನಮ್ಮನ್ನ ನೋಡಿದರು. ಮರುಕ್ಷಣ ಮುಚ್ಚಿದ್ದಾರೆ.

"ಇನ್ನೊಂದ್ಸಲ ಹಾಕಿ," ಅಂದ ಮಗ. ಹಾಕಿದರು. ಎಲ್ಲಾ ನಿಂತಿದೆ. ಅಜ್ಜಿ ಕಣ್ಣು ಬಿಟ್ಟು ನೋಡಿ ಮುಚ್ಚಿಕೊಂಡರು. ಸೊಸೆ ಎರಡು ಹೆಜ್ಜೆ ಹಿಂದೆ ಸರಿದಳು. ಒಂದು ಕ್ಯಾಮೆರಾ ಒಂದು ಚೂರು ತಡವಾಗಿ ಕ್ಲಿಕ್ ಆಗಿದೆ, ಅಷ್ಟೇ, ಅಂತ ನಮ್ಮ ಎಡಿಟಿಂಗ್ ಹುಡುಗಿ ಹೇಳುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಅಮ್ಮ, ಎಲ್ಲಾ ನಿಂತಿರೋವಾಗ ನೀವೊಬ್ರೇ ಕಣ್ಣು ಬಿಟ್ಟಿದ್ದೀರಲ್ಲ!" ಅಂದ ಮಗ.

ಅಜ್ಜಿ ಕೇಕು ತಿನ್ನುತ್ತಲೇ ಹೇಳಿದರು. "ಹೂಂ. ನಾನು ಕಣ್ಣು ಮುಚ್ಚಿದ ಮೇಲೆ ಯಾರ್ಯಾರು ಏನೇನು ಮಾಡ್ತೀರಿ ಅಂತ ಒಂದ್ಸಲ ನೋಡಿಕೊಂಡೆ."

೪. ಕಂಬ

ನಮ್ಮಲ್ಲಿ ಒಬ್ಬನಿದ್ದಾನೆ. ಅವನ ಕೆಲಸವೇ ನಿಲ್ಲೋದು. ಫ್ರೀಜ್ ಅಂದರೆ ಅವನನ್ನೇ ಮುಂದೆ ನಿಲ್ಲಿಸುತ್ತಾರೆ. ಉಸಿರಾಡೋದೂ ಕಾಣೋದಿಲ್ಲ. ನಾವು ಅವನನ್ನ ಕಂಬ ಅಂತಲೇ ಕರೆಯೋದು.

ಒಂದ್ಸಲ ಕೆಮ್ಮು ಅಂತ ಎದೆ ಎಕ್ಸ್‌ರೇಗೆ ಹೋದ. ಅಲ್ಲಿಯವರು "ಉಸಿರು ಎಳ್ಕೊಂಡು ಹಿಡೀರಿ, ಅಲ್ಲಾಡಬೇಡಿ" ಅಂದರು. ಫೋಟೋ ತೆಗೆದರು. ಫೋನ್ ಬಂತು, ಮಾತಾಡುತ್ತಾ ಆಚೆ ಹೋದರು. ಬಂದು ನೋಡಿದರೆ ಇವನು ಹಾಗೇ ಯಂತ್ರಕ್ಕೆ ಎದೆ ಒತ್ತಿ ನಿಂತಿದ್ದಾನೆ. ಮುಖ ನೀಲಿ. ಕಣ್ಣು ಗೋಡೆ ಮೇಲೆ. ಅವರು ಕೂಗಿಕೊಂಡು ಡಾಕ್ಟರನ್ನ ಕರೆತಂದರು. ಡಾಕ್ಟ್ರು ನಾಡಿ ಹಿಡಿಯೋಕೆ ಕೈ ಚಾಚಿದರು.

"ಸಾರ್," ಅಂದ ಕಂಬ, ತುಟಿ ಅಲ್ಲಾಡಿಸದೇ. "ಬಿಡಿ ಅಂತ ಇನ್ನೂ ಯಾರೂ ಹೇಳಿಲ್ಲ."

೫. ಕಾಗೆ

ಇದನ್ನ ಹೇಳಬೇಕೋ ಬೇಡವೋ. ಹೇಳುತ್ತೇನೆ. ನನ್ನ ಹೆಂಡತಿ ಇದ್ದಿದ್ದರೆ ಅವಳೇ ಹೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಅವಳು ಅಲ್ಲಾಡದೇ ಮಲಗಿದ್ದಳು. ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ಎದುರಿಗೆ ಫೋನಿಲ್ಲದೇ ಅಲ್ಲಾಡದಂಗೆ ಇರೋದು ಇವಳಿಗೆ ಬರೋದಿಲ್ಲವಲ್ಲ, ಅಂತ. ಇನ್ನೇನು ಮೂಗು ಕೆರೆದುಕೊಳ್ಳುತ್ತಾಳೆ ಅಂತ ನೋಡುತ್ತಾ ನಿಂತಿದ್ದೆ. ತುಂಬಾ ಹೊತ್ತು ನಿಂತಿದ್ದೆ.

ಹನ್ನೊಂದನೇ ದಿನ ತಾರಸಿಯಲ್ಲಿ ಎಡೆ ಇಟ್ಟೆವು. ಬಾಳೆಲೆ ಮೇಲೆ ಅನ್ನ, ಪಾಯಸ, ಅವಳಿಗೆ ಇಷ್ಟ ಅಂತ ವಡೆ. ಹಗ್ಗದ ಮೇಲೆ ಅದೇ ಗಂಜಿ ಸೀರೆ. ತೆಗೆಯೋಕೆ ಯಾರಿಗೂ ಕೈ ಬಂದಿರಲಿಲ್ಲ. ಆವತ್ತು ಒಂದು ಎಲೆ ಅಲ್ಲಾಡೋಷ್ಟೂ ಗಾಳಿ ಇರಲಿಲ್ಲ. ಸೆರಗು ಮಾತ್ರ ಹಾರುತ್ತಾ ನಿಂತಿತ್ತು. ನೆಂಟರು ಅದನ್ನ ನೋಡಿ, ಒಬ್ಬರ ಮುಖ ಒಬ್ಬರು ನೋಡಿ, ದೂರ ಹೋಗಿ ಕೂತರು.

ಕಾಗೆ ಬಂತು, ಹತ್ತಿರ ಬರಲಿಲ್ಲ. ಜನ ಜಾಸ್ತಿ. ನಮ್ಮಕ್ಕನಿಗೆ ಸಿಟ್ಟು ಬಂತು. "ಯಾರೂ ಅಲ್ಲಾಡಬೇಡ್ರೋ!" ಅಂದಳು.

ಸ್ಟುಡಿಯೋದಿಂದ ಹನ್ನೆರಡು ಜನ ಬಂದಿದ್ದರು. ಆ ಮಾತು ಕೇಳಿದ್ದೇ ತಡ, ಹನ್ನೆರಡು ಜನವೂ ಇದ್ದಲ್ಲೇ ನಿಂತುಬಿಟ್ಟರು. ಒಬ್ಬ ಕಣ್ಣೊರೆಸುತ್ತಿದ್ದವನು ಕರ್ಚೀಫು ಕಣ್ಣಿಗಿಟ್ಟಂಗೇ. ಒಬ್ಬ ಚಪ್ಪಲಿ ಬಿಡುತ್ತಿದ್ದವನು ಒಂಟಿ ಕಾಲಲ್ಲಿ. ಅಭ್ಯಾಸ. ನೆಂಟರು ಇದನ್ನ ನೋಡಿ ಹೆದರಿ ಅವರೂ ಅಲ್ಲಾಡಲಿಲ್ಲ. ತಾರಸಿ ಪೂರ್ತಿ ಫ್ರೀಜ್.

ಕಾಗೆ ಮೊದಲು ಸೆರಗಿನ ತುದಿಯಲ್ಲಿ ಕೂತಿತು. ಸೆರಗು ಬಗ್ಗಲಿಲ್ಲ. ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನೇ ನೋಡಿತು. ಹಾರಿತು. ಎಡೆ ಕಡೆ ಹೋಗಲಿಲ್ಲ. ಸೀದಾ ಬಂದು ಕಂಬನ ತಲೆ ಮೇಲೆ ಕೂತಿತು. ಅವನು ಅಲ್ಲಾಡಲಿಲ್ಲ. ಕಾಗೆ ಬಗ್ಗಿ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿತು.

ನಮ್ಮಕ್ಕ ಕೈ ಮುಗಿದಳು. "ಅವಳಿಗೆ ಏನೋ ಆಸೆ ಉಳಿದಿದೆ ಕಣೋ. ಅದಕ್ಕೇ ಎಡೆ ಮುಟ್ಟದೇ ಇವನ ತಲೆ ಮೇಲೆ ಕೂತವಳೆ. ಇವನ ಹತ್ರ ಅವಳದೇನಿದೆ?"

ಎಲ್ಲರ ಕಣ್ಣೂ ಕಂಬನ ಮೇಲೆ. ಅವನ ಹಣೆಯಿಂದ ಬೆವರು ಇಳೀತಿತ್ತು.

"ಅವರ ಕತ್ತರಿ," ಅಂದ, ತುಟಿ ಅಲ್ಲಾಡಿಸದೇ. "ದೀಪಾವಳಿಗೆ ಇಸ್ಕೊಂಡಿದ್ದೆ. ಸಾಯಂಕಾಲ ತಂದ್ಕೊಡ್ತೀನಿ ಅಂತ ಯಾರಾದ್ರೂ ಕಾಗೆಗೆ ಹೇಳಿ."

ನಮ್ಮಕ್ಕ ಹೇಳಿದಳು. ಕಾಗೆ ಇಳಿದು ವಡೆ ತಗೊಂಡು ಹೋಯಿತು.

೬. ಏಳು ಸಲ

"ಅಂಕಲ್," ಅಂದಳು ಹುಡುಗಿ. "ಸಿಕ್ತು."

ಸ್ಟೂಲ್ ಹತ್ತಿರ ಎಳಕೊಂಡೆ. ಶಿವಾಜಿನಗರದ ಅದೇ ಸಂದಿ. ನಲವತ್ತು ಜನ ಕಲ್ಲಾಗಿ ನಿಂತಿದ್ದಾರೆ. ನನ್ನ ಲೋಟ, ನನ್ನ ಚಪ್ಪಲಿ ಗಾಳಿಯಲ್ಲಿವೆ. ದಾರ ಇನ್ನೂ ಅಳಿಸಿಲ್ಲ, ಹೊಳೀತಾ ಇದೆ. ಮೂಲೆಯಲ್ಲಿ ಹೂವಮ್ಮ, ಕೈ ಚಾಚಿ ಮಲ್ಲಿಗೆ ಸರ ಹಿಡಿದು ನಿಂತಿದ್ದಾಳೆ. ಅವಳೆದುರು ಇವಳು, ನನ್ನ ಹೆಂಡತಿ. ಶಬ್ದ ಇಲ್ಲ.

"ಮೂಲೆ ದೊಡ್ಡದು ಮಾಡಮ್ಮ," ಅಂದೆ. ಮಾಡಿದಳು.

ಮೊದಲನೇ ಸಲ ಇವಳ ಕಣ್ಣು ಮಾತ್ರ ಅಲ್ಲಾಡಿತು. ಹೂವಿನ ಮೇಲಿಂದ ಹೂವಮ್ಮನ ಮೊಣಕೈಗೆ. ಮೊಣಕೈಯಿಂದ ಬೆರಳಿಗೆ. ಹೂವಮ್ಮ ಅಳೆದು ಹಿಡಿದಿದ್ದ ಮೊಳ ನೋಡುತ್ತಿದ್ದಾಳೆ.

ಎರಡನೇ ಸಲ ತನ್ನ ಕೈ ಎತ್ತಿ ಪಕ್ಕಕ್ಕೆ ಇಟ್ಟು ಅಳೆದಳು. ತಲೆ ಅಡ್ಡಡ್ಡ ಆಡಿಸಿದಳು. ಕಮ್ಮಿ ಇದೆಯಂತೆ.

ಮೂರನೇ ಸಲ ಸರದ ತುದಿ ಹಿಡಿದು ಎಳೆದಳು. ಬುಟ್ಟಿಯಿಂದ ಮಲ್ಲಿಗೆ ಸರಸರ ಬಂತು. ಹೂವಮ್ಮ ಅಲ್ಲಾಡೋ ಹಂಗಿಲ್ಲ. ಅವಳ ಕಣ್ಣು ಮಾತ್ರ ದೊಡ್ಡದಾಯಿತು. ಕಟ್ ಅಂದ ತಕ್ಷಣ ಇವಳು ಕಲ್ಲು. ಅಟೆನ್ಷನ್.

ನಾಲ್ಕನೇ ಸಲ ಮತ್ತೆ ಎಳೆದಳು. ಐದನೇ ಸಲ ಎಳೆದದ್ದನ್ನ ಅಲ್ಲೇ ಮುಡಿದುಕೊಂಡಳು. ಆರನೇ ಸಲ ಬಾಯಿ ಆಡಿಸಿ ಹೂವಮ್ಮನಿಗೆ ಏನೋ ಅಂದಳು. ಸುತ್ತ ಇಡೀ ಶಿವಾಜಿನಗರ ನಿಂತುಹೋಗಿದೆ. ಉಸಿರಿಲ್ಲ. ಅದರ ನಡುವೆ ಇವಳೊಬ್ಬಳು ಮೊಳಕ್ಕೆ ಜಗಳ ಆಡುತ್ತಿದ್ದಾಳೆ.

ಹುಡುಗಿ ಮೇಜಿನ ಮೇಲೆ ತಲೆ ಇಟ್ಟು ನಗುತ್ತಿದ್ದಳು. "ಕಂಪ್ಯೂಟರಲ್ಲಿ ಇವರನ್ನ ನಿಲ್ಲಿಸೋಕೆ ನನಗೆ ನಾಲ್ಕು ದಿನ ಹಿಡೀತು ಅಂಕಲ್. ಯಾರಪ್ಪಾ ಈಯಮ್ಮ ಅಂತ ಬೈಕೊಂಡಿದ್ದೆ."

ಏಳನೇ ಸಲ ಆ ಬಿಳೀ ಗಡ್ಡದ ಯಜಮಾನರು ಬ್ರೆಡ್ಡು ಹಿಡಿದು ಬಂದರು. ಹೆದರಿ ನಿಂತರು. ಇವಳು ಅವರನ್ನ ನೋಡಿದಳು. ದಾರಿ ಬಿಡೋಣ ಅಂತ ಪಕ್ಕಕ್ಕೆ ನಡೆದಳು. ಮೂರು ಹೆಜ್ಜೆ. ಎಡಗಾಲು ಸ್ವಲ್ಪ ಹೊರಗೆ ಹಾಕಿ.

ಹಾಂ. ಹಾಗೇ.

ನಡೆದು ನಿಂತು, ತಲೆ ಎತ್ತಿ ಮಹಡಿ ಕಿಟಕಿ ಕಡೆ ನೋಡಿದಳು. ಕೈಲಿದ್ದ ಹೂವು ಎತ್ತಿ ತೋರಿಸಿದಳು. ನನಗೆ ತೋರಿಸಿದ್ದು. ನಾನು ಆವತ್ತು ದಾರ ನೋಡುತ್ತಿದ್ದೆ.

"ಇನ್ನೊಂದ್ಸಲ ಹಾಕಮ್ಮ," ಅಂದೆ. ಎಷ್ಟು ಸಲ ಹಾಕಿದಳೋ. ಆಮೇಲೆ ನನ್ನ ಫೋನಿಗೆ ಹಾಕಿಕೊಟ್ಟಳು. ಶನಿವಾರ ಉಳಿದದ್ದೆಲ್ಲಾ ಅಳಿಸಿದರು.

ಭಾನುವಾರ ಬೆಳಗ್ಗೆ ವರ್ಷದ ತಿಥಿಗೆ ಹೂವು ತರೋಕೆ ಶಿವಾಜಿನಗರಕ್ಕೆ ಹೋದೆ. ಹೂವಮ್ಮ ಅಲ್ಲೇ ಇದ್ದಳು. ಇವಳು ಹೋದ ವಿಷಯ ಅವಳಿಗೆ ಗೊತ್ತಿತ್ತು. ಫೋನ್ ತೋರಿಸಿದೆ.

"ಕಳ್ಳೀ! ನೋಡಣ್ಣ ನೋಡು!" ಅಂತ ಕೂಗಿದಳು. "ನಾನು ಡೈರೆಕ್ಟ್ರಿಗೆ ಹೇಳಿದ್ರೆ, ಅಯ್ಯೋ ಅಣ್ಣಾ ನಾನು ಅಲ್ಲಾಡೇ ಇಲ್ಲ ಅಂತ ಸತ್ಯ ಮಾಡಿದ್ಲು. ಆರನೇ ಸಲ ಏನಂದ್ಲು ಗೊತ್ತಾ? ಬೇಡ ಅಂದ್ರೆ ಬೇಡ ಅನ್ನಕ್ಕ, ನಾನೇನು ಬಲವಂತ ಮಾಡ್ತಿದ್ದೀನಾ ಅಂದ್ಲು!"

ನಕ್ಕೆವು. ಅವಳು ಕಣ್ಣೊರೆಸಿಕೊಂಡಳು.

"ಎಷ್ಟು ಮೊಳ ಕೊಡ್ಲಿ?"

"ನಾಲ್ಕು."

ಅವಳು ಸರದ ತುದಿ ಹಿಡಿದು ಕೈ ಚಾಚಿದಳು. ಅಳೆಯಲಿಲ್ಲ. ಹಾಗೇ ನಿಂತಳು. ಕಣ್ಣು ನೆಟ್ಟಗೆ, ರೆಪ್ಪೆ ಬಡಿಯದೇ.

"ಎಳ್ಕೋ ಅಣ್ಣ," ಅಂದಳು. "ನಾನು ಅಲ್ಲಾಡಲ್ಲ."

ನಾನು ಎಳೆದೆ. ನಮ್ಮ ಪಕ್ಕ ಆಟೋ ಹೋಯಿತು, ಜನ ಹೋದರು, ಕೋಳಿ ಗೂಡಿನ ಸೈಕಲ್ ಹೋಯಿತು. ಅವಳು ಕಲ್ಲು. ನಾಲ್ಕು ಮೊಳ ಆಯಿತು. ಕೈ ನಿಲ್ಲಲಿಲ್ಲ. ಐದು. ಆರು. ಏಳನೇ ಮೊಳಕ್ಕೆ ಕೈ ಹಾಕಿದೆ.

"ಕಟ್," ಅಂದಳು ಹೂವಮ್ಮ, ತುಟಿ ಅಲ್ಲಾಡಿಸದೇ.